ಕಂಬಳಿ ಪಟ್ಟಿಯಲ್ಲಿ ಮುತ್ತಜ್ಜಿಯ ಹೆಸರು

ಪ್ರಶ್ನೆ: ನಾನು ಹಾವೇರಿ ಕಡೆಯವಳು. ಈಗ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದೇನೆ. ನನ್ನ ಗಂಡ ಆಫ್ರಿಕನ್ ಅಮೆರಿಕನ್. ಮಗಳು ಶಾಲೆಗೆಂದು ವಂಶವೃಕ್ಷ ಬರೆಯುತ್ತಿದ್ದಾಳೆ. ನನ್ನ ಕಡೆಯದನ್ನು ನಮ್ಮೂರಿಗೆ ಬರುವ ಹೆಳವರು ಏಳು ತಲೆಮಾರಿನವರೆಗೆ ಹೇಳಿಬಿಟ್ಟರು. ಅವಳಪ್ಪನ ಕಡೆಯದು 1870ಕ್ಕೆ ನಿಂತುಹೋಗಿದೆ. ಹಿರಿಯರು ಡರ್ಹಮ್ ಹತ್ತಿರದ ದೊಡ್ಡ ತೋಟದಲ್ಲಿ ಗುಲಾಮರಾಗಿದ್ದರು ಅಂತ ಮಾವ ಹೇಳುತ್ತಿದ್ದರು. ಇನ್ನೂ ಹಿಂದಕ್ಕೆ ಹೋಗಲು ದಾರಿ ಇದೆಯಾ?

ಉತ್ತರ: ದಾರಿ ಇದೆ. ಸುತ್ತುಬಳಸು ಜಾಸ್ತಿ, ಅಷ್ಟೇ.

1870ಕ್ಕೇ ಎಲ್ಲರೂ ನಿಲ್ಲುತ್ತಾರೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ಹೆಸರನ್ನು ಜನಗಣತಿ ಮೊದಲ ಸಲ ಬರೆದುಕೊಂಡದ್ದು ಆ ವರ್ಷ. 1860ರಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಅವರಿಗೆಂದು ಬೇರೆ ಪಟ್ಟಿಯೇ ಇತ್ತು. ಮೇಲೆ ಒಡೆಯನ ಹೆಸರು, ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರು ಬಹುಪಾಲು ಇಲ್ಲ. 1850ರದ್ದೂ ಹಾಗೆಯೇ.

ಕಾಗದದ ಮಟ್ಟಿಗೆ ಅವರು ಒಡೆಯನ ಆಸ್ತಿ. ಹಾಗಾಗಿ ಆಸ್ತಿ ಹುಡುಕುವ ಹಾಗೆಯೇ ಅವರನ್ನು ಹುಡುಕಬೇಕು. ಈ ಮಾತು ಬರೆಯಲು ನನಗೂ ಹಿತವಲ್ಲ. ಆದರೆ ನಿಮ್ಮ ಮಗಳ ಮುತ್ತಜ್ಜಿಯ ಅಜ್ಜಿ ಸಿಗುವುದು ಒಡೆಯನ ಉಯಿಲಿನಲ್ಲಿ, ಪಾಲುಪಟ್ಟಿಯಲ್ಲಿ, ಕ್ರಯಪತ್ರದಲ್ಲಿ, ಅಡಮಾನ ಪತ್ರದಲ್ಲಿ. ಎತ್ತು, ಗಾಡಿ, ಮಂಚದ ಜತೆಗೇ ಅವರ ಹೆಸರು, ಪಕ್ಕದಲ್ಲಿ ಬೆಲೆ. ತಾಯಿ ಮತ್ತು ಕೂಸನ್ನು ಎಷ್ಟೋ ಸಲ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ನಿಮಗೆ ಬೇಕಾದ್ದು ಅಂಥ ಸಾಲು.

ಹಾಗಾದರೆ ಒಡೆಯ ಯಾರು? ಮನೆಹೆಸರು ನೋಡಿ ತೀರ್ಮಾನಿಸಬೇಡಿ. ಎಲ್ಲರೂ ಮಾಡುವ ತಪ್ಪು ಅದು. ಬಿಡುಗಡೆಯಾದ ಮೇಲೆ ಕೆಲವರು ಕೊನೆಯ ಒಡೆಯನ ಹೆಸರಿಟ್ಟುಕೊಂಡರು, ಕೆಲವರು ಹಳೆಯ ಒಡೆಯನದ್ದು, ಕೆಲವರು ತಮಗೆ ಬೇಕೆನಿಸಿದ್ದು. ಅದರ ಬದಲು ಬಿಡುಗಡೆಯಾದವರ ನೆರವಿಗೆಂದು ಸರ್ಕಾರ ತೆರೆದ, 1865ರಿಂದ 1872ರವರೆಗೆ ಕೆಲಸ ಮಾಡಿದ ಫ್ರೀಡ್‌ಮೆನ್ಸ್ ಬ್ಯೂರೋದ ಕಾಗದಗಳನ್ನು ನೋಡಿ. ಕೂಲಿ ಒಪ್ಪಂದ, ಪಡಿತರ, ದೂರು ಎಲ್ಲವೂ ಅಲ್ಲಿವೆ. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಬಿಡುಗಡೆಯಾದ ಮರುವರ್ಷ ಹಳೆಯ ಒಡೆಯನ ಹೊಲದಲ್ಲೇ ಕೂಲಿಗೆ ನಿಂತವರು ಬಹಳ, ಹಾಗಾಗಿ ಕೂಲಿ ಒಪ್ಪಂದದಲ್ಲಿರುವ ಹೊಲದವನೇ ಹಳೆಯ ಒಡೆಯನಾಗಿರಬಹುದು. ಫ್ರೀಡ್‌ಮನ್ಸ್ ಬ್ಯಾಂಕಿನಲ್ಲಿ (ಬಿಡುಗಡೆಯಾದವರಿಗೆಂದೇ ಇದ್ದ ಬ್ಯಾಂಕು) ಖಾತೆ ಇದ್ದರಂತೂ ಅದೃಷ್ಟ. ಗುರುತಿಗೆಂದು ಅಪ್ಪ, ಅಮ್ಮ, ಒಡಹುಟ್ಟಿದವರ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು, ಕೆಲವು ಸಲ ಹಳೆಯ ಒಡೆಯನದ್ದೂ. ಮನೆಯಲ್ಲಿ ಯಾರಾದರೂ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಸೇರಿದ್ದರೇ? ಸುಮಾರು 1,79,000 ಕಪ್ಪು ಸೈನಿಕರಿದ್ದರು. ಪಿಂಚಣಿಗಾಗಿ ವಿಧವೆಯರು ಕೊಟ್ಟ ಹೇಳಿಕೆಗಳಲ್ಲಿ ಮದುವೆ ಎಲ್ಲಾಯಿತು, ಯಾರ ತೋಟದಲ್ಲಿ ಎಂಬುದೆಲ್ಲ ಇರುತ್ತದೆ.

ನಿಮ್ಮ ರಾಜ್ಯದಲ್ಲಿ ಇನ್ನೊಂದು ಅನುಕೂಲ ಇದೆ. ಗುಲಾಮರ ಮದುವೆಗೆ ಕಾನೂನಿನ ಬೆಲೆ ಇರಲಿಲ್ಲ. 1866ರಲ್ಲಿ ನಾರ್ತ್ ಕೆರೊಲಿನಾ ಅಂಥ ಜೋಡಿಗಳನ್ನೆಲ್ಲ ಕರೆದು ನೋಂದಾಯಿಸಿಕೊಂಡಿತು. ಎಷ್ಟು ವರ್ಷದಿಂದ ಗಂಡ ಹೆಂಡತಿಯಾಗಿದ್ದೀರಿ ಎಂದು ಕೇಳಿ ಬರೆದಿದ್ದಾರೆ. ಮೂವತ್ತು, ನಲವತ್ತು ವರ್ಷ ಬಾಳ್ವೆ ಮಾಡಿದವರೂ ಅಲ್ಲಿ ಬಂದು ಹೆಸರು ಕೊಟ್ಟಿದ್ದಾರೆ. ಅಲ್ಲಿಗೆ ನೀವು ಒಮ್ಮೆಗೇ 1830ರ ಹತ್ತಿರ ಇಳಿದ ಹಾಗೆ.

ಒಂದು ವಿಷಯ ನೆನಪಿರಲಿ. ಡರ್ಹಮ್ ಕೌಂಟಿ ಹುಟ್ಟಿದ್ದೇ 1881ರಲ್ಲಿ, ಆರೆಂಜ್ ಮತ್ತು ವೇಕ್ ಕೌಂಟಿಗಳಿಂದ. 1997ಕ್ಕೆ ಮುಂಚಿನ ಹಾವೇರಿ ಕಾಗದಕ್ಕೆ ಧಾರವಾಡಕ್ಕೆ ಹೋಗಬೇಕಲ್ವಾ, ಹಾಗೆ. ಹಳೆಯ ಕೌಂಟಿಗಳ ಕಡತ ಬಹುಪಾಲು ರಾಲಿಯ ರಾಜ್ಯ ಪತ್ರಾಗಾರದಲ್ಲಿದೆ.

ಇನ್ನು ತೋಟ. ಡರ್ಹಮ್ ಹತ್ತಿರದ 'ದೊಡ್ಡ ತೋಟ' ಅಂದರೆ ಮೊದಲು ನೆನಪಾಗುವುದು ಸ್ಟ್ಯಾಗ್‌ವಿಲ್. 1860ರ ಹೊತ್ತಿಗೆ ಕ್ಯಾಮೆರಾನ್ ಮನೆತನಕ್ಕೆ ಸುಮಾರು 30,000 ಎಕರೆ, ಸುಮಾರು 900 ಗುಲಾಮರು. ನಿಮ್ಮವರು ಅಲ್ಲಿಯವರೇ ಎಂದು ನಾನು ಹೇಳುತ್ತಿಲ್ಲ. ಆದರೆ ತೋಟದ ಕಾಗದ ಓದಲು ಕಲಿಯಬೇಕೆಂದರೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಆ ಮನೆತನದ ಪತ್ರಗಳು ಬಹುಪಾಲು ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿವೆ. ಹುಟ್ಟಿದ ಮಕ್ಕಳ ಪಟ್ಟಿ, ಕಂಬಳಿ ಕೊಟ್ಟ ಪಟ್ಟಿ, ಚಪ್ಪಲಿ ಪಟ್ಟಿ, ವೈದ್ಯರ ಬಿಲ್ಲು, ಮೇಸ್ತ್ರಿಗಳು ಬರೆದ ಪತ್ರ. ನಮ್ಮ ಕಾಫಿ ಎಸ್ಟೇಟಿನ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ನೋಡಿದವರಿಗೆ ಇವು ಗುರುತಿನವೇ ಅನಿಸುತ್ತವೆ. ಕೂಲಿ ಎಷ್ಟು ಕೊಟ್ಟೆವು ಎಂಬ ಅಂಕಣ ಮಾತ್ರ ಕಾಣುವುದಿಲ್ಲ.

ಕಂಬಳಿ ಪಟ್ಟಿಯನ್ನು ಸುಮ್ನೆ ಬಿಡಬೇಡಿ. ಕಂಬಳಿಯನ್ನು ಮನೆ ಲೆಕ್ಕದಲ್ಲಿ ಹಂಚಿದ ಕಡೆ ಒಟ್ಟಿಗೆ ಬಂದ ಹೆಸರುಗಳು ಒಂದೇ ಸೂರಿನಡಿ ಇದ್ದವರದ್ದು. ಎರಡು ಮೂರು ವರ್ಷದ ಪಟ್ಟಿ ಪಕ್ಕಪಕ್ಕ ಇಟ್ಟರೆ ಕೂಸು ಬೆಳೆಯುವುದು, ಮುದುಕಿ ಇಲ್ಲವಾಗುವುದು ಕಾಣುತ್ತದೆ. ಹೆಸರಿಡುವ ರೀತಿಯನ್ನೂ ಗಮನಿಸಿ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ಮಾತ್ರ ಅಲ್ಲ. ಇತಿಹಾಸಕಾರ ಹರ್ಬರ್ಟ್ ಗಟ್‌ಮನ್ ಇಂಥ ತೋಟದ ಪಟ್ಟಿಗಳನ್ನು ಓದಿಯೇ 1970ರ ದಶಕದಲ್ಲಿ ಅದನ್ನು ತೋರಿಸಿಕೊಟ್ಟರು. ಒಡೆಯರು ಲೆಕ್ಕಕ್ಕೆ ಇಡದ ತಂದೆಯ ವಂಶವನ್ನು ಆ ಜನ ಮಕ್ಕಳ ಹೆಸರಿನಲ್ಲಿ ಉಳಿಸಿಕೊಂಡಿದ್ದರು.

ಜಾಡು ತಪ್ಪಿದರೆ ಒಡತಿಯ ತವರುಮನೆ ಹುಡುಕಿ. ಇದನ್ನು ಮರೆಯುವವರೇ ಜಾಸ್ತಿ. ಮಗಳ ಬಳುವಳಿಗೆ ಬಂಗಾರ, ಹಸು ಕೊಟ್ಟ ಹಾಗೆ ಅಲ್ಲಿ ಮನುಷ್ಯರನ್ನು ಕೊಡುತ್ತಿದ್ದರು. ಸ್ಟ್ಯಾಗ್‌ವಿಲ್ ಕೂಡ ಮೊದಲು ಬೆನ್ನೆಹನ್ ಮನೆತನದ್ದು. ಅವರ ಮಗಳು ರೆಬೆಕಾ 1803ರಲ್ಲಿ ಡಂಕನ್ ಕ್ಯಾಮೆರಾನ್‌ನನ್ನು ಮದುವೆಯಾದಳು. ಅವಳ ಸಹೋದರ ಮಕ್ಕಳಿಲ್ಲದೆ ತೀರಿಕೊಂಡ ಮೇಲೆ ಅವನ ಆಸ್ತಿಯೂ ಇತ್ತಲೇ ಬಂತು. ಹಾಗಾಗಿ ಕ್ಯಾಮೆರಾನ್ ಗುಲಾಮರ ಹಿರಿಯರು ಬೆನ್ನೆಹನ್ ಕಾಗದದಲ್ಲಿ ಸಿಗುತ್ತಾರೆ. 1844ರಲ್ಲಿ ರೆಬೆಕಾಳ ಮಗ ಪಾಲ್ ಕ್ಯಾಮೆರಾನ್ ನೂರಕ್ಕೂ ಹೆಚ್ಚು ಜನರನ್ನು ಅಲಬಾಮಾದ ಹತ್ತಿ ಹೊಲಕ್ಕೆ ಸಾಗಿಸಿದ. ಒಂದು ಹೆಸರು ಪಟ್ಟಿಯಿಂದ ತಟ್ಟನೆ ಮಾಯವಾದರೆ ಸತ್ತರು ಅಂತಲೇ ಅಲ್ಲ.

ಮಗಳನ್ನು ಒಮ್ಮೆ ಸ್ಟ್ಯಾಗ್‌ವಿಲ್‌ಗೆ ಕರೆದುಕೊಂಡು ಹೋಗಿ. ಅಲ್ಲಿನ ಹಾರ್ಟನ್ ಗ್ರೋವ್‌ನಲ್ಲಿ ಗುಲಾಮರಿದ್ದ ಮನೆಗಳು ಇನ್ನೂ ನಿಂತಿವೆ. ಚಿಮಣಿಯ ಇಟ್ಟಿಗೆಗಳಲ್ಲಿ ಬೆರಳಿನ ಗುರುತುಗಳಿವೆ. ಶಾಲೆಯ ವಂಶವೃಕ್ಷದಲ್ಲಿ ಜಾಗ ಖಾಲಿ ಉಳಿದರೆ ಉಳಿಯಲಿ, ಊಹೆಯ ಹೆಸರು ಮಾತ್ರ ತುಂಬಬೇಡಿ. ವಯಸ್ಸು ಒಂದೇ ಎಂದು ಯಾರನ್ನೋ ಅಜ್ಜನೆಂದು ಸೇರಿಸಿದ ವಂಶವೃಕ್ಷಗಳು ಇಂಟರ್ನೆಟ್ ತುಂಬ ಇವೆ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸಾಲದೇ?

ಉತ್ತರ: ಸಾಲದು. ಅದು ದೂರದ ನೆಂಟರನ್ನು ತೋರಿಸುತ್ತದೆ, ನಡುವಿನ ಕೊಂಡಿಯ ಹೆಸರು ಹೇಳುವುದಿಲ್ಲ. ಒಡೆಯನ ಮನೆತನದವರೇ ನೆಂಟರಾಗಿ ಬರಬಹುದು, ಸಿದ್ಧರಿರಿ. ಮಗು ಗುಲಾಮನೋ ಅಲ್ಲವೋ ಎಂಬುದು ತಾಯಿಯನ್ನು ನೋಡಿ ತೀರ್ಮಾನ ಎಂದು ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು. ಒಡೆಯನ ಮಗನೂ ಒಡೆಯನ ಆಸ್ತಿಯೇ. ಕಾಗದದಲ್ಲಿ ತಾಯಿಯ ವಂಶದ ಜಾಡು ಹಿಡಿದೇ ಹೋಗಿ ಅಂತ ನಾನು ಹೇಳುವುದು ಅದಕ್ಕೆ.

ಪ್ರಶ್ನೆ (ಇನ್ನೊಬ್ಬರಿಂದ): ನನ್ನ ಗಂಡ ಬಿಳಿಯರು, ಅವರ ಮನೆ ಸೌತ್ ಕೆರೊಲಿನಾ. ಅತ್ತೆ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ 1850ರ ಸುಮಾರಿನ ಲೆಕ್ಕದ ಪುಸ್ತಕ ಸಿಕ್ಕಿತು. ಗುಲಾಮರ ಹೆಸರು, ಕೊಟ್ಟ ಜೋಳ, ಬಟ್ಟೆಯ ಲೆಕ್ಕ ಇದೆ. ಮೈದುನ ಸುಟ್ಟುಬಿಡೋಣ ಎನ್ನುತ್ತಾರೆ. ಗಂಡನಿಗೆ ಮುಜುಗರ. ಏನು ಮಾಡಲಿ?

ಉತ್ತರ: ಸುಡಲು ಬಿಡಬೇಡಿ, ಇವತ್ತೇ ಅದನ್ನು ನಿಮ್ಮ ಕೋಣೆಯಲ್ಲಿಡಿ. ಮೇಲಿನ ಪ್ರಶ್ನೆ ಕೇಳಿದ ಹಾವೇರಿಯ ಹೆಣ್ಣುಮಗಳಂಥವರು ಹುಡುಕುವುದು ಇಂಥ ಪುಸ್ತಕವನ್ನೇ. ಸರ್ಕಾರಿ ಕಚೇರಿಯಲ್ಲಿ ಇದರ ಇನ್ನೊಂದು ಪ್ರತಿ ಇರುವುದಿಲ್ಲ.

ಮೊದಲು ರಟ್ಟಿನಿಂದ ರಟ್ಟಿನವರೆಗೆ ಎಲ್ಲ ಪುಟದ ಫೋಟೋ ತೆಗೆಯಿರಿ, ಖಾಲಿ ಪುಟವನ್ನೂ ಬಿಡಬೇಡಿ. ಲ್ಯಾಮಿನೇಶನ್ ಬೇಡ, ಟೇಪ್ ಅಂಟಿಸುವುದು ಬೇಡ. ಪುಸ್ತಕದ ನಡುವೆ ಚೀಟಿಗಳಿದ್ದರೆ ಇದ್ದಲ್ಲೇ ಇರಲಿ. ಕೊಲಂಬಿಯಾದ ಸೌತ್ ಕೆರೊಲಿನಿಯಾನ ಗ್ರಂಥಾಲಯದಂಥ ಜಾಗಗಳು ಇಂಥವನ್ನು ಕಾಪಾಡಿಡುತ್ತವೆ. ಚಾರ್ಲ್ಸ್‌ಟನ್‌ನಲ್ಲಿ 2023ರಲ್ಲಿ ತೆರೆದ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಮ್‌ನಲ್ಲಿ ವಂಶ ಹುಡುಕುವವರಿಗೆಂದೇ ಒಂದು ವಿಭಾಗ ಇದೆ, ಅವರನ್ನೂ ಕೇಳಿ. ಮೂಲ ಪುಸ್ತಕ ಕೊಡಲು ಮನಸ್ಸು ಬಾರದಿದ್ದರೆ ಫೋಟೋಗಳನ್ನಾದರೂ ಕೊಡಿ.

ಗಂಡನ ಮುಜುಗರ ಸಹಜ. ಅವರ ಜತೆ ಕೂತು ಹೆಸರುಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಕಾಗುಣಿತ ತಿದ್ದಬೇಡಿ, ಇದ್ದ ಹಾಗೇ ಬರೆಯಿರಿ. ಮೈದುನನಿಗೆ ಸದ್ಯಕ್ಕೆ ಪುಸ್ತಕ ಎಲ್ಲಿದೆ ಅಂತ ಹೇಳಬೇಡಿ.