ಆ ಟಿಕೆಟ್‌ಗೆ ಸಾಲಿನ ಸಂಖ್ಯೆ ಇತ್ತೇ?

ಸಂಗೀತ, ಕ್ರೀಡೆಯಂಥ ಕಾರ್ಯಕ್ರಮಗಳ ಟಿಕೆಟ್ ಮಾರಾಟಕ್ಕೆ ಅಂಕುಶ ಹಾಕಲು ಹೊರಟ ಅಮೆರಿಕದ ಮಸೂದೆಯ ಬಗ್ಗೆ ಇನ್ನೊಮ್ಮೆ ಬರೆಯುವುದಿಲ್ಲ ಎಂದುಕೊಂಡಿದ್ದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ನಿಮ್ಮ ಪ್ರಶ್ನೆಗಳು ಬಿಡುತ್ತಿಲ್ಲ. ಒಂದೊಂದರ ಕೆಳಗೂ ನನ್ನ ಉತ್ತರವಿದೆ.

ಮೇಡಂ, ಅಧ್ಯಕ್ಷರು ಸಹಿ ಹಾಕಿದ್ದಾರಂತೆ. ಇನ್ನು ಮರುಮಾರಾಟದ ಬೆಲೆ ಇಳಿಯುತ್ತದೆಯೇ?

ಅವರು 2025ರ ಮಾರ್ಚ್ 31ರಂದು ಸಹಿ ಹಾಕಿದ್ದು ಕಾರ್ಯಾದೇಶಕ್ಕೆ. ಇರುವ ಕಾನೂನನ್ನು ಸರಿಯಾಗಿ ಜಾರಿ ಮಾಡಿ ಎಂದು ಇಲಾಖೆಗಳಿಗೆ ಹೇಳಿದ್ದು. ಮಸೂದೆ ಬೇರೆ. ಅದನ್ನು ಪ್ರತಿನಿಧಿ ಸಭೆ ಏಪ್ರಿಲ್ 29ರಂದು 409–15 ಮತಗಳಿಂದ ಒಪ್ಪಿತು. 2024ರಲ್ಲೂ ಅದೇ ಸಭೆ 388–24ರಿಂದ ಒಪ್ಪಿತ್ತು, ಸೆನೆಟ್ ದಾಟಲಿಲ್ಲ. ಇನ್ನು ಬೆಲೆಗೆ ಮಿತಿ ಹಾಕುವ ಒಂದು ಸಾಲೂ ಅದರಲ್ಲಿಲ್ಲ. ಐರ್ಲೆಂಡ್ 2021ರಲ್ಲಿ ಹಾಗೆ ಮಾಡಿತು, ಈ ಮಸೂದೆ ಆ ದಾರಿ ಹಿಡಿದಿಲ್ಲ. ಶುಲ್ಕವೆಲ್ಲ ಸೇರಿಸಿ ಮೊದಲೇ ಬೆಲೆ ತೋರಿಸಬೇಕೆಂಬ ನಿಯಮವನ್ನು ಫೆಡರಲ್ ಟ್ರೇಡ್ ಕಮಿಷನ್ 2025ರ ಮೇ 12ರಿಂದಲೇ ಜಾರಿಗೆ ತಂದಿದೆ. 120 ಡಾಲರ್ ಎಂದು ತೋರಿಸಿ ಕೊನೆಗೆ 163 ಕೇಳುವಂತಿಲ್ಲ. ಮೊದಲೇ 163 ಎಂದು ಕೇಳಬಹುದು.

ಮರುಮಾರಾಟದ ಜಾಲತಾಣದಲ್ಲಿ ಮಗಳಿಗಾಗಿ ಎರಡು ಟಿಕೆಟ್ ಕೊಂಡೆ. ಕಾರ್ಯಕ್ರಮಕ್ಕೆ ಎರಡು ದಿನವಿರುವಾಗ, ಮಾರಿದವರಿಗೆ ಟಿಕೆಟ್ ಒದಗಿಸಲು ಆಗಲಿಲ್ಲ ಎಂಬ ಇಮೇಲ್ ಬಂತು. ಹಣ ಮರಳಿತು. ಡಲ್ಲಾಸ್‌ನಿಂದ ಷಿಕಾಗೊಗೆ ವಿಮಾನ, ಹೋಟೆಲು ಎಲ್ಲವೂ ದಂಡವಾಯಿತು. ಮಸೂದೆ ಬಂದರೆ ನಮ್ಮಂಥವರಿಗೆ ಪರಿಹಾರವಿದೆಯೇ?

ಹೋಟೆಲಿನ ಹಣ ಮಸೂದೆಯಿಂದ ಬರುವುದಿಲ್ಲ, ಅದನ್ನು ಮರೆತುಬಿಡಿ. ನಿಮಗೆ ಮಾರಿದವನ ಕೈಯಲ್ಲಿ ಬಹುಶಃ ಟಿಕೆಟ್ ಇರಲೇ ಇಲ್ಲ. ನೀರಿನಲ್ಲಿರುವ ಎಮ್ಮೆಗೆ ವ್ಯಾಪಾರ ಎನ್ನುತ್ತಾರಲ್ಲ, ಇದು ಅದೇ. ಇಲ್ಲಿನವರು ಇದನ್ನು ಸ್ಪೆಕ್ಯುಲೇಟಿವ್ ಟಿಕೆಟ್ ಎಂದು ಕರೆಯುತ್ತಾರೆ. ದಲ್ಲಾಳಿ ಮೊದಲು ನಿಮ್ಮಿಂದ 400 ಡಾಲರ್ ಒಪ್ಪಿಸಿಕೊಳ್ಳುತ್ತಾನೆ, ಆಮೇಲೆ 250ಕ್ಕೆ ಎಲ್ಲಾದರೂ ಸಿಕ್ಕೀತೆಂದು ಹುಡುಕುತ್ತಾನೆ. ಸಿಕ್ಕರೆ 150 ಅವನ ಜೇಬಿಗೆ. ಬೆಲೆ 600ಕ್ಕೆ ಏರಿದರೆ ನಿಮಗೆ ಆ ಇಮೇಲ್.

ಒಮ್ಮೆ ಒಂದು ಜಾಲತಾಣದಲ್ಲಿ ನಾನೇ ನೋಡಿದ್ದು: ವಿಭಾಗ 214, ಸಾಲು ‘1ರಿಂದ 20’, ಆಸನದ ಜಾಗ ಖಾಲಿ. ಅಧಿಕೃತ ಮಾರಾಟ ಶುರುವಾಗುವುದು ಶುಕ್ರವಾರ ಬೆಳಗ್ಗೆ ಹತ್ತಕ್ಕೆ. ನಾನು ನೋಡುತ್ತಿದ್ದದ್ದು ಬುಧವಾರ ರಾತ್ರಿ. ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಎರಡೇ ಉಳಿದಿವೆ’ ಎಂದು ಬೇರೆ! ಹುಟ್ಟೇ ಇರದ ಟಿಕೆಟ್‌ನಲ್ಲಿ ಎರಡು ಉಳಿಯುವುದು ಹೇಗೆ?

ಕೈಯಲ್ಲಿಲ್ಲದ ಟಿಕೆಟ್ ಮಾರುವುದನ್ನು ಮಸೂದೆ ನಿಷೇಧಿಸುತ್ತದೆ. ಕಾರ್ಯಕ್ರಮ ರದ್ದಾದರೆ ಶುಲ್ಕವೂ ಸೇರಿ ಪೂರ್ತಿ ಹಣ ಹಿಂತಿರುಗಿಸಬೇಕು ಎನ್ನುತ್ತದೆ. ಸಭಾಂಗಣದ ಹೆಸರನ್ನೇ ವಿಳಾಸದಲ್ಲಿ ತುರುಕಿಕೊಂಡು ಅಧಿಕೃತ ತಾಣದಂತೆ ನಟಿಸುವ ಜಾಲತಾಣಗಳಿಗೂ ಕಡಿವಾಣ ಹಾಕುತ್ತದೆ. ಒಳ್ಳೆಯದೇ. ಆದರೆ ‘ಟಿಕೆಟ್ ತಂದುಕೊಡುವ ಸೇವೆ’ಯನ್ನು ಮಾರಬಹುದು, ಅದು ಟಿಕೆಟ್ ಅಲ್ಲವೆಂದು ಸ್ಪಷ್ಟವಾಗಿ ಹೇಳಿದರೆ ಸಾಕು ಎಂಬ ಒಂದು ಕಿಂಡಿಯನ್ನೂ ಬಿಟ್ಟಿದೆ. ದಲ್ಲಾಳಿಗಳು ನಾಳೆ ಅಲ್ಲಿಂದಲೇ ನುಸುಳುತ್ತಾರೆ ಎಂಬುದು ನನ್ನ ಅನುಮಾನ.

ಜಾರಿಯ ಮೇಲೆ ನನಗೆ ನಂಬಿಕೆ ಇನ್ನೂ ಕಡಿಮೆ. ಬಾಟ್‌ಗಳಿಂದ, ಅಂದರೆ ತಾನಾಗಿಯೇ ಕೊಳ್ಳುವ ತಂತ್ರಾಂಶಗಳಿಂದ, ಟಿಕೆಟ್ ಬಾಚಿಕೊಳ್ಳುವುದನ್ನು ತಡೆಯಲು 2016ರಲ್ಲೇ ಕಾನೂನು ಬಂತು. ಅದರಡಿ ಮೊದಲ ಮೊಕದ್ದಮೆಗಳು ಕಂಡದ್ದು 2021ರಲ್ಲಿ, ನ್ಯೂಯಾರ್ಕ್ ಪ್ರದೇಶದ ಮೂರು ದಲ್ಲಾಳಿ ಸಂಸ್ಥೆಗಳ ಮೇಲೆ. 3.1 ಕೋಟಿ ಡಾಲರ್ ದಂಡವೆಂದು ತೀರ್ಮಾನವಾಯಿತು. ಅವರಿಗೆ ಕಟ್ಟುವ ಶಕ್ತಿಯಿಲ್ಲವೆಂದು ವಸೂಲಿಗೆ ಒಪ್ಪಿದ್ದು 37 ಲಕ್ಷ.

ಮಿನೆಸೋಟ ರಾಜ್ಯದಲ್ಲಿ ಕೈಯಲ್ಲಿಲ್ಲದ ಟಿಕೆಟ್ ಮಾರಾಟಕ್ಕೆ 2025ರ ಜನವರಿಯಿಂದಲೇ ನಿಷೇಧವಿದೆ. ನೀವಿರುವುದು ಟೆಕ್ಸಸ್. ಟಿಕೆಟ್ ಮಾರಾಟಕ್ಕಿಟ್ಟಿದ್ದ ಪುಟದ ಚಿತ್ರ, ರಸೀದಿ, ಆ ಇಮೇಲ್ ಇದ್ದರೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ದೂರು ಕೊಡಿ. ಕೊಂಡ ದಿನವೇ ಚಿತ್ರ ತೆಗೆದಿಟ್ಟುಕೊಳ್ಳದಿದ್ದರೆ ಆ ಪುಟ ಈಗ ಕಾಣಸಿಗುವುದು ಕಷ್ಟ. ಮುಂದಿನ ಸಲ, ಟಿಕೆಟ್ ನಿಮ್ಮ ಖಾತೆಗೆ ಬಂದು ಬೀಳುವ ತನಕ ರದ್ದುಮಾಡಲಾಗದ ಕೋಣೆಯನ್ನು ಕಾದಿರಿಸಬೇಡಿ. ಸಾಲು, ಆಸನ ತೋರಿಸದ ಟಿಕೆಟ್‌ಗೆ ನಾನಂತೂ ಹಣ ಕೊಡುವುದಿಲ್ಲ. ಮನೆಯವರು ಜಿಪುಣಿ ಎನ್ನುತ್ತಾರೆ, ಎನ್ನಲಿ.

ಐದು ಬ್ರೌಸರ್, ವಿಪಿಎನ್ ಬಳಸಿದರೆ ಟಿಕೆಟ್ ಕೊಳ್ಳುವ ಆನ್‌ಲೈನ್ ಸರದಿಯಲ್ಲಿ ಮುಂದೆ ಹೋಗಬಹುದು ಎಂದು ಯೂಟ್ಯೂಬ್‌ನಲ್ಲಿ ಒಬ್ಬರು ಹೇಳಿದರು.

ಹೇಳಿದವರನ್ನೇ ಕೇಳಿ, ಅವರಿಗೆ ಟಿಕೆಟ್ ಸಿಕ್ಕಿತೇ ಎಂದು. ನಿಮ್ಮನ್ನೇ ಬಾಟ್ ಎಂದು ಹೊರಹಾಕಿದರೆ ನನಗೆ ಬರೆಯಬೇಡಿ.

ಕನ್ನಡ ಗುಂಪಿನಲ್ಲಿ ಒಬ್ಬರು ಟಿಕೆಟ್‌ನ ಸ್ಕ್ರೀನ್‌ಶಾಟ್ ಕಳಿಸುತ್ತೇನೆ, ಜೆಲ್‌ನಲ್ಲಿ (ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಸೇವೆ) ಹಣ ಹಾಕಿ ಎನ್ನುತ್ತಿದ್ದಾರೆ. ನಮ್ಮ ಹಾಸನದವರೇ.

ಹಾಸನದವರಾದರೂ ಬೇಡ. ಈಗ ಅನೇಕ ಟಿಕೆಟ್‌ಗಳ ಬಾರ್‌ಕೋಡ್ ಕೆಲವೇ ಕ್ಷಣಗಳಿಗೊಮ್ಮೆ ಬದಲಾಗುತ್ತದೆ, ಚಿತ್ರ ತೋರಿಸಿದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಟಿಕೆಟನ್ನು ನಿಮ್ಮ ಖಾತೆಗೆ ವರ್ಗಾಯಿಸಲು ಹೇಳಿ. ಹಿಂದೇಟು ಹಾಕಿದರೆ ನಮಸ್ಕಾರ ಹೇಳಿ.