ನಿಮ್ಮ ಅಮ್ಮ ಮಾತ್ರೆ ಮರೆಯುತ್ತಿಲ್ಲ

ಕೊಡಗಿನ ಗೋಣಿಕೊಪ್ಪದಲ್ಲಿರುವ ಅಮ್ಮ ಲೆಟ್ರೋಜೋಲ್ ಮಾತ್ರೆ ಪದೇ ಪದೇ ಮರೆಯುತ್ತಾರೆ, ಬೆಂಗಳೂರಿನಿಂದಲೇ ನೆನಪಿಸಲು ಯಾವ ಆಪ್ ಒಳ್ಳೆಯದು ಎಂದು ಕೇಳಿದ್ದೀರಿ. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದು ಎರಡು ವರ್ಷ ಆಯಿತು, ಮಿಕ್ಕಿದ್ದೆಲ್ಲ ಅವರಿಗೆ ಚೆನ್ನಾಗಿ ನೆನಪಿರುತ್ತದೆ ಎಂದೂ ಬರೆದಿದ್ದೀರಿ. ಆ ಕೊನೆಯ ಮಾತನ್ನು ಇನ್ನೊಂದು ಸಲ ಓದಿಕೊಳ್ಳಿ. ಕೆಲಸದವರ ವಾರದ ಲೆಕ್ಕ ನೆನಪಿರುವ ಹೆಂಗಸು ಒಂದು ಮಾತ್ರೆ ಮಾತ್ರ ಮರೆಯುತ್ತಾರಾ? ನನ್ನ ಪ್ರಕಾರ ಅವರು ಬಿಟ್ಟಿದ್ದಾರೆ, ಇಲ್ಲವೇ ಬಿಡುವ ಹಾದಿಯಲ್ಲಿದ್ದಾರೆ. ನಾನು ನಿಮ್ಮ ಅಮ್ಮನ ಜಾಗದಲ್ಲಿ ಇದ್ದವಳು. ನನ್ನ ಮಗಳು ನಿಮ್ಮ ಜಾಗದಲ್ಲಿದ್ದಳು.

ಅಮ್ಮತ್ತಿ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಆಪರೇಶನ್, ಕೀಮೋ, ರೇಡಿಯೇಶನ್ ಎಲ್ಲ ಮೈಸೂರಿನಲ್ಲಿ ಆಯಿತು. ಆಗ ಮನೆ ತುಂಬ ಜನ. ಕೂದಲು ಉದುರಿದಾಗ ನಾದಿನಿ ಬಂದು ಜೊತೆಗಿದ್ದಳು. ಪಕ್ಕದ ಮನೆಯವರು ಗಂಜಿ ತಂದುಕೊಟ್ಟರು. ರೇಡಿಯೇಶನ್ ಮುಗಿದ ಮೇಲೆ ಎಲ್ಲರೂ "ಅಂತೂ ಮುಗಿಯಿತಲ್ಲ" ಅಂದರು, ಅವರವರ ಮನೆಗೆ ಹೋದರು. ಡಾಕ್ಟರು ಚೀಟಿ ಬರೆದು, ದಿನಕ್ಕೊಂದು ಮಾತ್ರೆ, 5 ವರ್ಷ ಅಂದರು. ಲೆಟ್ರೋಜೋಲ್ 2.5 ಮಿಲಿಗ್ರಾಂ. ಇಷ್ಟೇ ಇಷ್ಟು ಸಣ್ಣ ಮಾತ್ರೆ. ಅದು ಮೈಯಲ್ಲಿ ಏನು ಮಾಡುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಕೈಬೆರಳುಗಳು ಹಿಡಿದುಕೊಳ್ಳಲು ಶುರುವಾದವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ನೂಪುಟ್ಟು ಒತ್ತಲು ಆಗದು, ಕಡಂಬುಟ್ಟಿಗೆ ಉಂಡೆ ಕಟ್ಟಲು ಆಗದು. ಮೆಟ್ಟಿಲು ಇಳಿಯುವಾಗ ಮಂಡಿ ಚುಚ್ಚುತ್ತಿತ್ತು. ಜುಲೈ ಚಳಿಯಲ್ಲಿ ಮನೆಯವರೆಲ್ಲ ದಪ್ಪ ಕಂಬಳಿ ಹೊದ್ದು ಮಲಗಿದ್ದರೆ ನಾನು ನಡುರಾತ್ರಿ ಬೆವೆತು ಎದ್ದು ಕಿಟಕಿ ತೆರೆಯುತ್ತಿದ್ದೆ. ನೋವಿಗಿಂತ ಭಯ ಜಾಸ್ತಿ. ಕಾಯಿಲೆ ಮೂಳೆಗೆ ಇಳಿದಿದೆ ಎಂದೇ ನಾನು ನಂಬಿದ್ದೆ. ಹೇಳಿದರೆ ಮತ್ತೆ ಮೈಸೂರು, ಮತ್ತೆ ಸ್ಕ್ಯಾನ್, ಮತ್ತೆ ಸಾಲ. ಅದಕ್ಕೇ ಬಾಯಿ ಬಿಡಲಿಲ್ಲ.

ಮಗಳು ದಿನಾ ರಾತ್ರಿ ಫೋನ್ ಮಾಡುತ್ತಿದ್ದಳು. "ಅವ್ವಾ, ಮಾತ್ರೆ ತಗೊಂಡ್ಯಾ?" ನಾನು "ಹ್ಞೂಂ" ಅನ್ನುತ್ತಿದ್ದೆ. ನನ್ನ ಮೊಬೈಲಿಗೆ ಅಲಾರಂ ಇಟ್ಟುಹೋಗಿದ್ದಳು. ಅದು ಬಡಿದಾಗ ಆಫ್ ಮಾಡುತ್ತಿದ್ದೆ. ಅವಳಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ನನಗೆ ಗೊತ್ತು. ಆದರೆ ಆ ಪ್ರಶ್ನೆಗೆ ಹ್ಞೂಂ, ಇಲ್ಲ ಎಂಬ ಎರಡೇ ಉತ್ತರ. ಇಲ್ಲ ಅಂದರೆ ಬೈಗುಳ ಖಚಿತ. ಬೆರಳು ನೋಯುತ್ತದೆ ಎಂಬ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ.

ಆಗಸ್ಟ್ 3 ಬಂತು. ಕೊಡವರ ಕಕ್ಕಡ ತಿಂಗಳ 18ನೇ ದಿನ. ಮದ್ದುಸೊಪ್ಪಿನ ಪಾಯಸ ಮಾಡಿದೆವು. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಇರುತ್ತದೆ ಎಂದು ನಮ್ಮ ಕಡೆ ನಂಬಿಕೆ, ನಿಮಗೂ ಗೊತ್ತಿರುತ್ತದೆ. ಬಂದಿದ್ದ ನೆಂಟರೊಬ್ಬರು, "ಕ್ಯಾನ್ಸರ್ ಹೋಯಿತಲ್ಲ, ಇನ್ನೂ ಯಾಕೆ ಆ ಇಂಗ್ಲಿಷ್ ಮದ್ದು, ಉಷ್ಣ ಆಗುತ್ತದೆ" ಅಂದರು. ನನಗೆ ಬೇಕಿದ್ದದ್ದೂ ಅಷ್ಟೇ. ತಪ್ಪು ಆ ಸೊಪ್ಪಿನದಲ್ಲ, ಪಾಯಸ ಈಗಲೂ ಪ್ರತಿ ವರ್ಷ ಮಾಡುತ್ತೇನೆ. ಮರುದಿನದಿಂದ ಮಾತ್ರೆ ನುಂಗಲಿಲ್ಲ. ಕೆಲವು ವಾರಗಳಲ್ಲಿ ಬೆರಳು ಸಡಿಲವಾದವು. ಸುಗ್ಗಿಯಲ್ಲಿ ಮೊದಲಿನಂತೆ ಹಣ್ಣು ಕೊಯ್ದೆ. ಎಷ್ಟು ಖುಷಿಪಟ್ಟೆ ಎಂದರೆ, ಬಿಟ್ಟದ್ದೇ ಸರಿ ಅನಿಸಿತು.

ಇನ್ನು ನನಗೆ ಎಲ್ಲಕ್ಕಿಂತ ದುಬಾರಿಯಾದ ವಿಷಯ. ಮಾತ್ರೆ ಬಿಟ್ಟದ್ದು ಒಂದು. ಬಿಟ್ಟದ್ದನ್ನು ಮುಚ್ಚಿಟ್ಟದ್ದು ಇನ್ನೊಂದು. ಎರಡನೆಯದೇ ದೊಡ್ಡದು ಎಂದು ನಾನು ಹೇಳುತ್ತೇನೆ. ಮಗಳು ಬಂದಾಗ ಲೆಕ್ಕ ನೋಡುತ್ತಾಳೆಂದು ದಿನಾ ಸ್ಟ್ರಿಪ್‌ನಿಂದ ಒಂದು ಮಾತ್ರೆ ಒಡೆದು ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದೆ. ಖಾಲಿ ಸ್ಟ್ರಿಪ್‌ಗಳನ್ನು ಡ್ರಾಯರಿನಲ್ಲಿ ಜೋಡಿಸಿಡುತ್ತಿದ್ದೆ. ಔಷಧಿ ಅಂಗಡಿಯಲ್ಲಿ ತಪ್ಪದೆ ಹೊಸದು ಕೊಳ್ಳುತ್ತಿದ್ದೆ. ಚೆಕಪ್‌ನಲ್ಲಿ ಡಾಕ್ಟರು "ಮಾತ್ರೆ ನಡೀತಾ ಇದೆಯಾ" ಎಂದು ಕೇಳಿದರೆ "ನಡೀತಾ ಇದೆ ಸರ್" ಅನ್ನುತ್ತಿದ್ದೆ. "ಏನಾದರೂ ತೊಂದರೆ?" ಅಂದರೆ "ಏನಿಲ್ಲ". ಪಕ್ಕದಲ್ಲಿ ಯಜಮಾನರು ಕೂತಿರುತ್ತಿದ್ದರು. ಹೊರಗೆ ನಲವತ್ತು ಜನ ಕಾಯುತ್ತಿರುತ್ತಿದ್ದರು. ಒಳಗಿನ ಒಣಗುವಿಕೆ, ಉರಿ, ಸಂಸಾರದ ತೊಂದರೆಯನ್ನು ಅಲ್ಲಿ ಯಾವ ಬಾಯಲ್ಲಿ ಹೇಳಲಿ?

ಆಮೇಲೆ ಆಪರೇಶನ್ ಗಾಯದ ಗೆರೆಯ ಪಕ್ಕ ಒಂದು ಸಣ್ಣ ಗಂಟು ಕೈಗೆ ಸಿಕ್ಕಿತು. ಬಯಾಪ್ಸಿಯಲ್ಲಿ ಅದೇ ಕಾಯಿಲೆ. ಬೇರೆ ಕಡೆಗೆ ಹರಡಿರಲಿಲ್ಲ. ಡಾಕ್ಟರು ನನ್ನ ಫೈಲ್ ನೋಡುತ್ತಾ, "ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಬಂದಿದೆ. ಅಂದರೆ ಈ ಔಷಧಿಗೆ ಇದು ಬಗ್ಗುತ್ತಿಲ್ಲ" ಎಂದು ಯಜಮಾನರಿಗೆ ವಿವರಿಸಲು ಶುರುಮಾಡಿದರು. ಬೇರೆ ಜಾತಿಯ ಔಷಧಿ, ಅದರ ಖರ್ಚು, ಅದರ ತೊಂದರೆ. ಆಗ ನನಗೆ ಹೊಳೆಯಿತು. ನನ್ನ ಸುಳ್ಳಿನ ಮೇಲೆ ಅವರು ಲೆಕ್ಕ ಹಾಕುತ್ತಿದ್ದಾರೆ. ಮಾತ್ರೆ ಸೋತಿರಲಿಲ್ಲ, ನಾನು ಅದನ್ನು ನುಂಗಿಯೇ ಇರಲಿಲ್ಲ. ಅಲ್ಲೇ ಅಳುತ್ತಾ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಅಮ್ಮಾ, ಇದು ಗೊತ್ತಾಗದೇ ಇದ್ದಿದ್ದರೆ ನಿಮಗೆ ಕೆಲಸ ಮಾಡಬಹುದಾದ ಒಂದು ಔಷಧಿಯನ್ನು ನಾನೇ ಪಟ್ಟಿಯಿಂದ ಹೊಡೆದುಹಾಕುತ್ತಿದ್ದೆ" ಅಂದರು. ಮಾತ್ರೆ ಬಿಟ್ಟಿದ್ದರಿಂದಲೇ ಗಂಟು ಬಂತು ಎಂದು ಯಾರೂ ಆಣೆ ಮಾಡಿ ಹೇಳಲಾರರು, ತಪ್ಪದೆ ತೆಗೆದುಕೊಂಡವರಿಗೂ ಮರಳಿ ಬರುವುದುಂಟು. ಆದರೆ ಎರಡನೇ ಆಪರೇಶನ್ ನನ್ನ ಮೈಮೇಲೆ ಆಯಿತು.

ಆ ಮಾತ್ರೆಯ ಕೆಲಸ ನನಗೆ ಅರ್ಥವಾದದ್ದು ಆಮೇಲೆ. ಮುಟ್ಟು ನಿಂತರೂ ಮೈಯಲ್ಲಿ ಈಸ್ಟ್ರೋಜೆನ್ ಪೂರ್ತಿ ನಿಲ್ಲುವುದಿಲ್ಲ. ಕೊಬ್ಬಿನಲ್ಲಿ, ಸ್ನಾಯುವಿನಲ್ಲಿ ಅರೋಮಟೇಸ್ ಎಂಬ ಕಿಣ್ವ ಬೇರೆ ಹಾರ್ಮೋನನ್ನು ಈಸ್ಟ್ರೋಜೆನ್ ಮಾಡುತ್ತಲೇ ಇರುತ್ತದೆ. ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಎಕ್ಸೆಮೆಸ್ಟೇನ್ ಮೂರೂ ಆ ಕಿಣ್ವವನ್ನು ತಡೆಯುತ್ತವೆ. ನಮ್ಮ ತೋಟದಲ್ಲಿ ಕಾಫಿ ಮೊಗ್ಗು ಹೂಮಳೆಗಾಗಿ ವಾರಗಟ್ಟಲೆ ಸುಮ್ನೆ ಕಾದು ಕೂತಿರುತ್ತದೆ ಅಲ್ವಾ? ಆಪರೇಶನ್ ಆದ ಮೇಲೂ ಎಲ್ಲೋ ಉಳಿದಿರಬಹುದಾದ ಕ್ಯಾನ್ಸರ್ ಜೀವಕೋಶಗಳೂ ಹಾಗೇ ಕಾಯುತ್ತವೆ, ಈಸ್ಟ್ರೋಜೆನ್ನೇ ಅವಕ್ಕೆ ಹೂಮಳೆ. ಇದನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಆ ಸಣ್ಣ ಮಾತ್ರೆಯನ್ನು ನಾನು ವಿಟಮಿನ್ ಮಾತ್ರೆಯ ಹಾಗೆ ನೋಡುತ್ತಿರಲಿಲ್ಲ.

ಈಸ್ಟ್ರೋಜೆನ್‌ನಿಂದ ಬೆಳೆಯುವ ಈ ಜಾತಿಯ ಕ್ಯಾನ್ಸರ್ 5 ವರ್ಷ ಕಳೆದ ಮೇಲೂ, 20 ವರ್ಷದವರೆಗೂ ಮರಳಬಲ್ಲದು. ಇದೇ ಕಾಯಿಲೆಗೆ ಕೊಡುವ ಟಾಮೋಕ್ಸಿಫೆನ್ ಎಂಬ ಇನ್ನೊಂದು ಹಾರ್ಮೋನ್ ಮಾತ್ರೆಯ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟು ಸೇರಿಸಿ 2011ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಸುಮಾರು 5 ವರ್ಷ ಅದನ್ನು ತೆಗೆದುಕೊಂಡವರಲ್ಲಿ ಮೊದಲ 15 ವರ್ಷದಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾಯುವುದು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಮುಟ್ಟು ನಿಂತವರಿಗೆ ಲೆಟ್ರೋಜೋಲ್ ಬಗೆಯವು ಅದಕ್ಕಿಂತ ಸ್ವಲ್ಪ ಮೇಲು. ಇಷ್ಟಾದರೂ ಬಿಡುವವರು ನಾನೊಬ್ಬಳೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 8,700ಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕೂವರೆ ವರ್ಷ ಸರಿಯಾಗಿ ತೆಗೆದುಕೊಂಡವರು ಅರ್ಧದಷ್ಟು ಮಾತ್ರ. ಅಲ್ಲಿ ಫೋನ್ ಇರಲಿಲ್ಲವೇ, ಅಲಾರಂ ಇರಲಿಲ್ಲವೇ?

ಅದಕ್ಕೇ ಆಪ್ ಬೇಡ ಅನ್ನುತ್ತೇನೆ. ಈ ವಾರ ಊರಿಗೆ ಬನ್ನಿ. "ತಗೊಂಡ್ಯಾ" ಎಂದು ಕೇಳಬೇಡಿ. "ಅಮ್ಮಾ, ಆ ಮಾತ್ರೆ ಶುರುವಾದ ಮೇಲೆ ಎಲ್ಲೆಲ್ಲಿ ನೋಯುತ್ತೆ?" ಎಂದು ಕೇಳಿ, ಆಮೇಲೆ ಸುಮ್ಮನಿರಿ. ಬೆಳಿಗ್ಗೆ ಅವರು ಮುಷ್ಟಿ ಕಟ್ಟುವುದನ್ನು, ಕೂತಲ್ಲಿಂದ ಏಳುವುದನ್ನು ನೋಡಿ. ಬಿಟ್ಟಿದ್ದೇನೆ ಅಂದರೆ ಮುಖ ಸಪ್ಪಗೆ ಮಾಡಬೇಡಿ. ಯಾವ ತಿಂಗಳಿನಿಂದ ಬಿಟ್ಟರು ಎಂದು ಮಾತ್ರ ಬರೆದುಕೊಳ್ಳಿ. ಡಾಕ್ಟರಿಗೆ ಬೇಕಾದದ್ದು ಆ ತಿಂಗಳು.

ಡಾಕ್ಟರ ಹತ್ತಿರ ಹೋದಾಗ ಐದು ನಿಮಿಷ ನೀವು ಹೊರಗೆ ಕೂತುಕೊಳ್ಳಿ. ಗಂಡುಮಗ ಆಗಿದ್ದರೆ ಖಂಡಿತ ಹೊರಗೆ ಕೂತುಕೊಳ್ಳಿ. ನನ್ನ ಒಣಗುವಿಕೆಯ ವಿಷಯ ಹೊರಬಂದದ್ದು ನರ್ಸ್ ಒಬ್ಬರೇ ಇದ್ದಾಗ. ಹಾರ್ಮೋನ್ ಇಲ್ಲದ ಜೆಲ್ ಇದೆ ಎಂದು ಅವರೇ ಹೇಳಿದ್ದು. ಈಸ್ಟ್ರೋಜೆನ್ ಇರುವ ಕ್ರೀಮನ್ನು ಮಾತ್ರ ಅಂಗಡಿಯಿಂದ ಸ್ವಂತ ಬುದ್ಧಿಯಿಂದ ತರಬಾರದು, ಕ್ಯಾನ್ಸರ್ ಡಾಕ್ಟರನ್ನು ಕೇಳಲೇಬೇಕು.

ಕೀಲುನೋವಿಗೆ ದಾರಿಗಳಿವೆ. ಒಂದು ಮಾತ್ರೆ ಒಗ್ಗದಿದ್ದರೆ ಅದೇ ಗುಂಪಿನ ಇನ್ನೊಂದು ಒಗ್ಗಬಹುದು. ನನಗೆ ಅನಾಸ್ಟ್ರೋಜೋಲ್‌ಗೆ ಬದಲಿಸಿದರು. ನೋವು ಇದೆ, ಆದರೆ ಕೈ ಮಡಚುತ್ತದೆ. ಕೆಲವರಿಗೆ ಡಾಕ್ಟರೇ ಕೆಲವು ವಾರ ಬಿಡುವು ಕೊಟ್ಟು ಬೇರೆಯದನ್ನು ಶುರುಮಾಡುತ್ತಾರೆ. ನೋವಿಗೆಂದು ಡುಲೋಕ್ಸೆಟಿನ್ ಕೊಡುವುದೂ ಉಂಟು. ವ್ಯಾಯಾಮ ಮಾಡಿ ಅಂದಾಗ ನನಗೆ ಸಿಟ್ಟು ಬಂದಿತ್ತು, ದಿನವಿಡೀ ತೋಟದಲ್ಲಿ ನಡೆಯುವವಳಿಗೆ ಇನ್ನೆಂಥ ವ್ಯಾಯಾಮ ಎಂದು. ಆದರೆ ಬಗ್ಗಿ ಹಣ್ಣು ಕೊಯ್ಯುವುದು ಬೇರೆ, ಸ್ನಾಯುವಿಗೆ ಬಲ ಬರಲು ಮಾಡುವುದು ಬೇರೆ. ಯೇಲ್ ವಿಶ್ವವಿದ್ಯಾಲಯದವರು ಇಂಥ ನೋವಿದ್ದ ಹೆಂಗಸರಿಗೆ ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ, ಜೊತೆಗೆ 150 ನಿಮಿಷ ಬಿರುಸು ನಡಿಗೆ ಮಾಡಿಸಿ ನೋಡಿದ್ದಾರೆ. ಒಂದು ವರ್ಷದಲ್ಲಿ ನೋವು ಸುಮಾರು 30% ಇಳಿಯಿತು. ನಾನು ನೀರು ತುಂಬಿದ ಬಾಟಲಿಗಳಿಂದ ಶುರುಮಾಡಿದೆ. ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಆಗಿದೆಯಾ ಎಂದೂ ಕೇಳಿ. ಈ ಮಾತ್ರೆ ಮೂಳೆ ಸವೆಸುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕಾಗುತ್ತದೆ, ಕೆಲವರಿಗೆ 6 ತಿಂಗಳಿಗೊಮ್ಮೆ ಜೋಲೆಡ್ರಾನಿಕ್ ಆಸಿಡ್ ಡ್ರಿಪ್ ಹಾಕುತ್ತಾರೆ.

ನಿಜವಾಗಿಯೂ ಒಂದೊಂದು ದಿನ ಮರೆತರೆ ಬೆಳಗಿನ ಕಾಫಿ ಲೋಟದ ಪಕ್ಕ ಸ್ಟ್ರಿಪ್ ಇಟ್ಟರೆ ಸಾಕು. ಹಿಂದಿನ ದಿನ ಬಿಟ್ಟುಹೋಯಿತೆಂದು ಮರುದಿನ ಎರಡು ನುಂಗಬಾರದು. ದೂರದಲ್ಲಿರುವ ನೀವು ಮಾಡಬಹುದಾದ ಒಳ್ಳೆಯ ಕೆಲಸ ಎಂದರೆ ಮೇ ತಿಂಗಳಲ್ಲೇ ಮಳೆಗಾಲಕ್ಕಾಗುವಷ್ಟು ಮಾತ್ರೆ ತಂದಿಡುವುದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ಜಿಲ್ಲೆಯ ರಸ್ತೆಗಳು ಹೇಗಾದವು ಎಂದು ನಿಮಗೆ ಗೊತ್ತಿದೆ. ಬೆಲೆ ಜಾಸ್ತಿ ಅನಿಸಿದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಒಂದು ವೇಳೆ ಡಾಕ್ಟರು ಲೆಟ್ರೋಜೋಲ್ ನಿಲ್ಲಿಸಿ ಟಾಮೋಕ್ಸಿಫೆನ್ ಬರೆದರೆ ಎರಡು ವಿಷಯ ಬೇರೆಯಾಗುತ್ತವೆ. ಅಮ್ಮ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರನ್ನು ಡಾಕ್ಟರಿಗೆ ತೋರಿಸಿ, ಪ್ಯಾರೋಕ್ಸೆಟಿನ್, ಫ್ಲೂಯೋಕ್ಸೆಟಿನ್‌ನಂಥವು ಟಾಮೋಕ್ಸಿಫೆನ್ ಮೈಯಲ್ಲಿ ಮಾರ್ಪಡುವುದಕ್ಕೆ ಅಡ್ಡ ಬರುತ್ತವೆ. ಇನ್ನೊಂದು, ಮುಟ್ಟು ನಿಂತ ಮೇಲೂ ರಕ್ತ ಕಾಣಿಸಿಕೊಂಡರೆ ಮುಂದಿನ ಚೆಕಪ್‌ವರೆಗೆ ಕಾಯದೆ ಕೂಡಲೇ ಡಾಕ್ಟರಿಗೆ ತಿಳಿಸಿ. ಒಂದು ಕಾಲು ಮಾತ್ರ ಊದಿ ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ, ಆ ಕ್ಷಣವೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಟಾಮೋಕ್ಸಿಫೆನ್ ತೆಗೆದುಕೊಳ್ಳುತ್ತಿದ್ದಾರೆ ಎಂದು ಮೊದಲು ಹೇಳಿ. ಈ ಮಾತು ಪಕ್ಕದ ಮನೆಯವರಿಗೂ ಗೊತ್ತಿರಲಿ, ಬೆಂಗಳೂರಿನಿಂದ ನೀವು ಬಂದು ಮುಟ್ಟುವಷ್ಟರಲ್ಲಿ ತಡವಾಗುತ್ತದೆ.