ಶಾರ್ಪ್‌ನಿಂಗ್ ಯಾವಾಗ? ನಿಮ್ಮ ಲೇಖನದ ಬಗ್ಗೆ

ನಮಸ್ಕಾರ,

‘ಫೋಟೋ ಎಡಿಟಿಂಗ್‌ನ ಮೊದಲ ಹೆಜ್ಜೆ ಶಾರ್ಪ್‌ನಿಂಗ್’ ಅಂತ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬರವಣಿಗೆ ಸಲೀಸಾಗಿದೆ, ಆದರೆ ತಲೆಬರಹವೇ ತಪ್ಪು.

ಫೈಲ್ ತೆರೆದ ಕೂಡಲೇ ಶಾರ್ಪ್‌ನಿಂಗ್ ಸ್ಲೈಡರನ್ನು 100ಕ್ಕೆ ಎಳೆಯಿರಿ ಅಂತೀರಿ. ಯಾಕೆ ಅಂತ ಎಲ್ಲೂ ಹೇಳಿಲ್ಲ. ಶಾರ್ಪ್‌ನಿಂಗ್ ಹೊಸ ವಿವರ ಹುಟ್ಟಿಸುವುದಿಲ್ಲ, ಅಂಚುಗಳಲ್ಲಿ ಕಾಂಟ್ರಾಸ್ಟ್ ಏರಿಸುತ್ತದೆ ಅಷ್ಟೇ. ನಾಯ್ಸ್‌ನ ಚುಕ್ಕೆಗೂ (ಕಡಿಮೆ ಬೆಳಕಿನ ಫೋಟೋದಲ್ಲಿ ಕಾಣುವ ಕಾಳುಕಾಳು) ಅಂಚಿರುತ್ತದೆ ಅಲ್ವಾ? ನಸುಕಿನಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 6400ಕ್ಕೆ ಏರಿಸಿ ತೆಗೆದ ನಿಮ್ಮ ಕೆ.ಆರ್. ಮಾರ್ಕೆಟ್ ಫೋಟೋ ನೋಡಿ. ಸೇವಂತಿಗೆ ರಾಶಿ ಚೆನ್ನಾಗಿ ಬಂದಿದೆ, ಹಿಂದಿನ ಕತ್ತಲೆಯ ತುಂಬ ಮಾತ್ರ ಮರಳು ಎರಚಿದ ಹಾಗಿದೆ. ಮೊದಲು ನಾಯ್ಸ್ ಇಳಿಸಬೇಕಿತ್ತು.

ರಾ ಫೈಲ್‌ಗೆ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸಿದ ಫೈಲ್) ಶುರುವಿನಲ್ಲಿ ಸ್ವಲ್ಪ ಶಾರ್ಪ್‌ನಿಂಗ್ ಬೇಕು, ನಿಜ. ಸಾಮಾನ್ಯವಾಗಿ ಸೆನ್ಸರ್‌ನ ಒಂದೊಂದು ಪಿಕ್ಸೆಲ್ ಒಂದೇ ಬಣ್ಣ ಹಿಡಿಯುತ್ತದೆ, ಉಳಿದೆರಡನ್ನು ಅಕ್ಕಪಕ್ಕ ನೋಡಿ ಅಂದಾಜು ಮಾಡುವಾಗ ಚಿತ್ರ ಮೆತ್ತಗಾಗುತ್ತದೆ. ಅದಕ್ಕೇ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್ ರಾ ಫೈಲ್‌ಗೆ ತಾನಾಗಿ 40 ಶಾರ್ಪ್‌ನಿಂಗ್ ಹಾಕಿರುತ್ತದೆ. ಜೆಪೆಗ್ ಆದರೆ ಕ್ಯಾಮೆರಾದಲ್ಲೇ ಆಗಿರುತ್ತದೆ.

ನಿಜವಾದ ಲೇಖನ ನಿಮ್ಮ ಐದನೇ ಪ್ಯಾರಾದಲ್ಲಿದೆ. ಲಾಲ್‌ಬಾಗ್ ಗಾಜಿನ ಮನೆಯ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿದಾಗ ಕಬ್ಬಿಣದ ಕಮಾನುಗಳ ಸುತ್ತ ಬಿಳಿ ಗೆರೆ ಕಂಡಿತು ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಅದೇ ಹೇಲೋ. ಮೊದಲೇ ಜಾಸ್ತಿ ಶಾರ್ಪ್ ಮಾಡಿ, ಮೇಲೆ ಕ್ಲಾರಿಟಿ (ಮಧ್ಯಮ ಛಾಯೆಗಳ ಕಾಂಟ್ರಾಸ್ಟ್) ಏರಿಸಿ, ಆಮೇಲೆ ಸೈಜ್ ಹಿಗ್ಗಿಸಿದರೆ ಆ ಗೆರೆಯೂ ಜೊತೆಗೇ ಹಿಗ್ಗುತ್ತದೆ. ಅದೇ ಫೋಟೋವನ್ನು ಮೊಬೈಲಿಗೆ ಅಂತ 6000 ಪಿಕ್ಸೆಲ್‌ನಿಂದ 1080ಕ್ಕೆ ಇಳಿಸಿದರೆ, ಮೊದಲು ಮಾಡಿದ ಶಾರ್ಪ್‌ನಿಂಗ್ ಬಹುಪಾಲು ಕಳೆದುಹೋಗುತ್ತದೆ. ಹಾಗಾಗಿ ಕೊನೆಯ ಶಾರ್ಪ್‌ನಿಂಗ್ ಸೈಜ್ ನಿಕ್ಕಿಯಾದ ಮೇಲೆಯೇ, ಸ್ಕ್ರೀನಿಗೆ ಬೇರೆ, ಪ್ರಿಂಟಿಗೆ ಬೇರೆ. ಮ್ಯಾಟ್ ಕಾಗದದಲ್ಲಿ ಇಂಕ್ ಹರಡುತ್ತದೆ, ಅದಕ್ಕೆ ಇನ್ನೂ ಸ್ವಲ್ಪ ಜಾಸ್ತಿ ಬೇಕು.

ಶಾರ್ಪ್‌ನಿಂಗ್ ಎಲ್ಲೆಲ್ಲಿ ಆಗಬೇಕು ಅಂತ ನಿರ್ಧರಿಸುವ ಮಾಸ್ಕಿಂಗ್ ಬಗ್ಗೆ ನೀವು ಬರೆದೇ ಇಲ್ಲ, ಅದು ದೊಡ್ಡ ಕೊರತೆ. ಲೈಟ್‌ರೂಮ್‌ನಲ್ಲಿ ಆಲ್ಟ್ ಕೀ ಒತ್ತಿ ಹಿಡಿದು ಮಾಸ್ಕಿಂಗ್ ಸ್ಲೈಡರ್ ಎಳೆಯಿರಿ. ಆಕಾಶ ಪೂರ್ತಿ ಕಪ್ಪಾಗಿ ಕಮಾನುಗಳು ಮಾತ್ರ ಬಿಳಿಯಾಗಿ ಉಳಿದಾಗ ನಿಲ್ಲಿಸಿ. ಬಿಳಿ ಇರುವ ಕಡೆ ಮಾತ್ರ ಶಾರ್ಪ್ ಆಗುತ್ತದೆ. ಇದನ್ನು ಓದುಗರಿಗೆ ತೋರಿಸಿದರೆ ಸಾಕು, ಅರ್ಧ ಪಾಠ ಆದಂತೆ.

ಫೋಟೋಗ್ರಫಿಯ ಇತಿಹಾಸ ಹೇಳುವ ಮೊದಲೆರಡು ಪ್ಯಾರಾ ತೆಗೆಯಿರಿ. ಆ ಬಿಳಿ ಗೆರೆಯಿಂದಲೇ ಶುರು ಮಾಡಿ. ಕಮಾನಿನ ಅದೇ ತುಂಡನ್ನು ಎರಡು ಸಲ, ಎರಡನ್ನೂ 100% ಜೂಮ್‌ನಲ್ಲಿ ಕ್ರಾಪ್ ಮಾಡಿ ಜೊತೆಗೆ ಕಳಿಸಿ: ಒಂದು ಮೊದಲೇ ಶಾರ್ಪ್ ಮಾಡಿದ್ದು, ಇನ್ನೊಂದು ಸೈಜ್ ಆದ ಮೇಲೆ ಮಾಡಿದ್ದು. ಬಂದ ತಕ್ಷಣ ಓದುತ್ತೇನೆ.